ಮುತ್ತಜ್ಜನ ಹೆಸರು ಗೊತ್ತು, ಊರು ಗೊತ್ತಿಲ್ಲ: ನಾರ್ವೆಯಲ್ಲಿ ಎಲ್ಲಿಂದ ಹುಡುಕುವುದು?

ಪ್ರಶ್ನೆ

ನಾನು ಶಿವಮೊಗ್ಗದವಳು, ಮದುವೆಯಾಗಿ ಮಿನ್ನೆಸೋಟಕ್ಕೆ ಬಂದವಳು. ನನ್ನ ಗಂಡ ಇಲ್ಲಿಯವರೇ. ಅತ್ತೆಗೆ ಎಂಬತ್ತು ದಾಟಿದೆ. ಅವರ ಅಪ್ಪನ ಅಪ್ಪ ಓಲೆ ಹ್ಯಾನ್ಸನ್ 1882ರಲ್ಲಿ ನಾರ್ವೆಯಿಂದ ಬಂದವರಂತೆ. ಸಮಾಧಿ ಕಲ್ಲಿನ ಮೇಲೆ ‘ಜನನ 1861, ನಾರ್ವೆ, ಮರಣ 1931’ ಅಂತಷ್ಟೇ ಇದೆ. ಅವರು ಓಸ್ಲೋದವರು, ನ್ಯೂಯಾರ್ಕಿನ ವಲಸೆ ಕೇಂದ್ರ ಎಲಿಸ್ ಐಲ್ಯಾಂಡ್‌ನಲ್ಲಿ ಅಧಿಕಾರಿಗಳು ಅವರ ಹೆಸರು ಬದಲಿಸಿದರು, ಊರಲ್ಲೇ ಉಳಿದ ತಮ್ಮನ ಮನೆಯವರ ಜೊತೆ ದುಡ್ಡಿನ ವಿಷಯಕ್ಕೆ ಮನಸ್ತಾಪವಾಗಿ ಪತ್ರ ನಿಂತಿತು ಎಂದು ಮನೆಯಲ್ಲಿ ಹೇಳುತ್ತಾರೆ. ಅತ್ತೆಯ ಹತ್ತಿರ ನಾರ್ವೇಜಿಯನ್ ಭಾಷೆಯ ಮೂರು ಪತ್ರಗಳೂ ಫ್ರೇಮು ಹಾಕಿಸಿದ ಒಂದು ಹಳೇ ಫೋಟೋವೂ ಇವೆ. ಪತ್ರಗಳ ಮೇಲೆ ‘ಹೌಗೆನ್’ ಎಂದು ಬರೆದಿದೆ. ಕೊನೆಯ ಪತ್ರ ತಮ್ಮನ ಮಗಳು 1940ರ ಫೆಬ್ರವರಿಯಲ್ಲಿ ಬರೆದದ್ದು. ಅದರ ಲಕೋಟೆಯ ಅಂಚೆಚೀಟಿಯನ್ನು ಯಾರೋ ಕತ್ತರಿಸಿಕೊಂಡಿದ್ದಾರೆ. ಒಂದು ವೆಬ್‌ಸೈಟಿನಲ್ಲಿ ಈ ವಂಶವನ್ನು ವೈಕಿಂಗ್ ರಾಜ ಹರಾಲ್ಡ್‌ವರೆಗೂ ಎಳೆದಿದ್ದಾರೆ. ನಂಬಬಹುದೇ? ಡಿಎನ್‌ಎ ಟೆಸ್ಟ್ ಮಾಡಿಸಬೇಕೇ? ಮುಂದಿನ ಬೇಸಿಗೆಗೆ ಅತ್ತೆಯನ್ನು ಓಸ್ಲೋಗೆ ಕರೆದುಕೊಂಡು ಹೋಗಿ ಅಲ್ಲೇ ವಿಚಾರಿಸಿದರೆ ಹೇಗೆ? ಅಂದಹಾಗೆ, ಅತ್ತೆಯ ದೊಡ್ಡಪ್ಪನ ಹೆಸರು ಹೆನ್ರಿ.

ಉತ್ತರ

ನೀವು ಕೇಳಿದ್ದು ನಾಲ್ಕಾರು ಪ್ರಶ್ನೆ. ಹೇಳದೆ ಬಿಟ್ಟ ಚಿಂತೆ ಮಾತ್ರ ಒಂದೇ: ಅತ್ತೆಯವರಿರುವಾಗಲೇ ಆ ಮನೆಯವರು ಸಿಗಬೇಕು, ಸುಮ್ನೆ ಅಲೆದಾಡಿ ವರ್ಷ ಕಳೆಯಬಾರದು. ಹಾಗಾಗಿ ಬೇಗ ಫಲ ಕೊಡುವ ಕೆಲಸಕ್ಕೇ ಇಲ್ಲಿ ಜಾಸ್ತಿ ಜಾಗ ಕೊಡುತ್ತೇನೆ.

ವಲಸೆ ಬಂದವರ ದಾಖಲೆ ಹುಡುಕಿಕೊಡುವುದೇ ನನ್ನ ಕೆಲಸ. ನಾರ್ವೆಯ ನಂಟರು ಸಿಗದೆ ಹೋದರೆ ಅದು ದಾಖಲೆ ಇಲ್ಲ ಅಂತಲ್ಲ. ದಾಖಲೆಗಳು ಬೇಕಾದಷ್ಟಿವೆ, ಬಹುಪಾಲು ಪುಕ್ಕಟೆ. ಜನ ಹೆಸರು ಹಿಡಿದು ಹುಡುಕುತ್ತಾರೆ, ಅಲ್ಲೇ ಎಡವುತ್ತಾರೆ. ಹುಡುಕಬೇಕಾದದ್ದು ಊರನ್ನು. ಓಲೆ, ಹಾನ್ಸ್ ಎರಡೂ ಆಗಿನ ನಾರ್ವೆಯಲ್ಲಿ ಮನೆಗೊಂದರಂತೆ ಇದ್ದ ಹೆಸರುಗಳು. ‘ಓಲೆ ಹಾನ್ಸೆನ್’ ಅಂತ ಟೈಪ್ ಮಾಡಿದರೆ ಪುಟಗಟ್ಟಲೆ ಬರುತ್ತಾರೆ. ಅವರಲ್ಲಿ ನಿಮ್ಮವರು ಯಾರು ಅಂತ ಹೇಳುವುದು ಚರ್ಚಿನ ವಲಯ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ, ಆಮೇಲೆ ಆ ವಲಯದೊಳಗಿನ ಜಮೀನು.

ಆ ಜನರ ಹೆಸರಿನ ಕ್ರಮ ಅಮೆರಿಕದವರಿಗಿಂತ ನಮಗೆ ಬೇಗ ಅರ್ಥವಾಗುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಊರು, ಅಪ್ಪ, ತಾನು, ಅಲ್ವಾ? ಅಲ್ಲಿ ಅದೇ ತಿರುವುಮುರುವು. ಓಲೆ ಹಾನ್ಸೆನ್ ಹೌಗೆನ್ ಅಂದರೆ ಹೌಗೆನ್ ಎಂಬ ಜಮೀನಿನಲ್ಲಿರುವ, ಹಾನ್ಸ್‌ನ ಮಗ ಓಲೆ. ಅವನ ತಂಗಿ ಹಾನ್ಸ್‌ದಾತ್ತೆರ್. ಅವನ ಮಗ ಹಾನ್ಸೆನ್ ಅಲ್ಲ, ಓಲ್ಸೆನ್. ಮನೆ ಬದಲಿಸಿ ಬೇರೆ ಜಮೀನಿಗೆ ಹೋದರೆ ಮೂರನೇ ಹೆಸರೂ ಬದಲಾಗುತ್ತಿತ್ತು. ಎಲ್ಲರೂ ಒಂದು ಕಾಯಂ ಕುಟುಂಬದ ಹೆಸರು ಇಟ್ಟುಕೊಳ್ಳಬೇಕೆಂಬ ಕಾನೂನು ನಾರ್ವೆಯಲ್ಲಿ ಬಂದದ್ದು 1923ರಲ್ಲಿ. ಆದ್ದರಿಂದ ತಮ್ಮನ ಮೊಮ್ಮಕ್ಕಳು ಇವತ್ತು ಹಾನ್ಸೆನ್ ಆಗಿರಲೇಬೇಕೆಂದಿಲ್ಲ. ಹೌಗೆನ್ ಆಗಿರಬಹುದು, ಮತ್ತೊಂದೂ ಆಗಿರಬಹುದು. ಅಮೆರಿಕಕ್ಕೇ ಬಂದ ಒಡಹುಟ್ಟಿದವರಲ್ಲಿ ಒಬ್ಬ ಹ್ಯಾನ್ಸನ್, ಇನ್ನೊಬ್ಬ ಹೌಗೆನ್ ಎಂದು ಬರೆಸಿಕೊಂಡದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿದ ನಮ್ಮವರ ಅಣ್ಣ ತಮ್ಮಂದಿರೂ ಹೀಗೇ ಬೇರೆ ಬೇರೆ ಸರ್‌ನೇಮಿನವರಾಗಿಲ್ಲವೇ!

ಈಗ ಮನೆಯ ಕಥೆಗಳು. ಎಲಿಸ್ ಐಲ್ಯಾಂಡ್ ತೆರೆದದ್ದೇ 1892ರ ಜನವರಿ 1ರಂದು. ಓಲೆ ಬಂದದ್ದು 1882 ಆದರೆ, ನ್ಯೂಯಾರ್ಕಿನಲ್ಲೇ ಇಳಿದಿದ್ದರೆ, ಅವರು ದಾಟಿದ್ದು ಕ್ಯಾಸಲ್ ಗಾರ್ಡನ್ ಎಂಬ ಹಳೇ ಕೇಂದ್ರವನ್ನು. ಎಲಿಸ್ ಐಲ್ಯಾಂಡಿನಲ್ಲೂ ಅಧಿಕಾರಿಗಳು ಹೆಸರು ಬದಲಿಸುತ್ತಿರಲಿಲ್ಲ. ಹಡಗಿನ ಕಂಪನಿಯವರು ಹೊರಡುವ ಬಂದರಿನಲ್ಲೇ ಬರೆದು ತಂದ ಪಟ್ಟಿಯನ್ನು ಮುಂದಿಟ್ಟುಕೊಂಡು ಟಿಕ್ ಹಾಕುತ್ತಿದ್ದರು. ಹಾನ್ಸೆನ್ ಹ್ಯಾನ್ಸನ್ ಆದದ್ದು ಆಮೇಲೆ, ನಿಧಾನವಾಗಿ. ಶಾಲೆಯ ಟೀಚರು, ಬ್ಯಾಂಕು, ಪಕ್ಕದ ಮನೆಯವರು, ಕೊನೆಗೆ ಸ್ವತಃ ಓಲೆಯೇ ಹಾಗೆ ಬರೆಯತೊಡಗಿರುತ್ತಾರೆ.

ಓಸ್ಲೋ ವಿಷಯವೂ ಹಾಗೇ. ಆ ನಗರಕ್ಕೆ ಓಸ್ಲೋ ಎಂಬ ಹೆಸರು ಮತ್ತೆ ಬಂದದ್ದು 1925ರಲ್ಲಿ. ಅದಕ್ಕೆ ಮುಂಚೆ ಅದು ಕ್ರಿಸ್ಟಿಯಾನಿಯಾ. ಅಂದರೆ ಓಲೆ ಹೊರಟಾಗ ‘ಓಸ್ಲೋದಿಂದ ಬಂದೆ’ ಎಂದು ಹೇಳಿರಲಿಕ್ಕಿಲ್ಲ. ಒಳನಾಡಿನ ಕಣಿವೆಗಳ ಜನ ಹಡಗು ಹತ್ತಲು ಅಲ್ಲಿಗೆ ಬರುತ್ತಿದ್ದರು. ಅಲ್ಲಿಂದ ಇಂಗ್ಲೆಂಡಿನ ಹಲ್ ಬಂದರು, ರೈಲಿನಲ್ಲಿ ಲಿವರ್‌ಪೂಲ್, ಮತ್ತೆ ದೊಡ್ಡ ಹಡಗಿನಲ್ಲಿ ನ್ಯೂಯಾರ್ಕ್. ಹಡಗು ಹತ್ತಿದ ಜಾಗವೇ ಮುಂದಿನ ತಲೆಮಾರಿನ ಬಾಯಲ್ಲಿ ಹುಟ್ಟೂರಾಗಿಬಿಡುತ್ತದೆ. ಕಥೆಯನ್ನು ಪೂರ್ತಿ ಎಸೆಯಬೇಡಿ. ಬರ್ಗನ್ ಅಥವಾ ಟ್ರೋಂಡ್‌ಹೈಮ್ ಬಂದರುಗಳ ಕಡೆಯವರಲ್ಲ, ಪೂರ್ವ ನಾರ್ವೆಯವರು ಇರಬಹುದು ಎಂಬ ಸುಳಿವು ಅದರಲ್ಲಿದೆ.

ಜಗಳದ ಕಥೆ ನನಗೆ ಅಷ್ಟಾಗಿ ನಂಬಿಕೆ ಬರುವುದಿಲ್ಲ. ಕೊನೆಯ ಪತ್ರ 1940ರ ಫೆಬ್ರವರಿಯದು ಎಂದಿದ್ದೀರಿ. ಅದೇ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ನುಗ್ಗಿತು. 1945ರ ಮೇ ತನಕ ದೇಶ ಅವರ ಕೈಯಲ್ಲಿತ್ತು. ಅಂಚೆ ಕಡಿದುಹೋಯಿತು. ಯುದ್ಧ ಮುಗಿಯುವಷ್ಟರಲ್ಲಿ ಹಳೇ ತಲೆ ಯಾವುದೂ ಉಳಿದಿರಲಿಲ್ಲ, ಇತ್ತ ಮಿನ್ನೆಸೋಟದ ಮಕ್ಕಳಿಗೆ ಭಾಷೆ ಬರುತ್ತಿರಲಿಲ್ಲ. ಭಾಷೆ ಹೋದದ್ದಕ್ಕೂ ಕಾರಣವಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಪರಭಾಷೆ ಆಡುವವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದರು. ಪಕ್ಕದ ಐಯೋವಾದಲ್ಲಂತೂ 1918ರಲ್ಲಿ ಗವರ್ನರ್ ವಿಲಿಯಂ ಹಾರ್ಡಿಂಗ್, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯನ್ನು ಸಾರ್ವಜನಿಕವಾಗಿ, ಫೋನಿನಲ್ಲಿ ಕೂಡ ಆಡಬಾರದು ಎಂದು ಆಜ್ಞೆ ಹೊರಡಿಸಿದ್ದರು. ಪತ್ರ ಯಾಕೆ ನಿಂತಿತು ಅಂತ ಮಕ್ಕಳು ಕೇಳಿದರೆ ಇದನ್ನೆಲ್ಲ ಯಾರು ವಿವರಿಸುತ್ತಾರೆ? ಜಗಳವಾಯಿತು ಅಂದುಬಿಡುವುದು ಸುಲಭ. ಅತ್ತೆಯವರಿಗೆ ಈ ಒಂದು ವಿಷಯವನ್ನು ಇವತ್ತೇ ಹೇಳಿ.

ವೈಕಿಂಗ್ ರಾಜನ ವಂಶವೃಕ್ಷ ಬಿಡಿ. ನಾರ್ವೆಯ ಹೆಚ್ಚಿನ ಕಡೆ ಚರ್ಚಿನ ದಾಖಲೆ ಶುರುವಾಗುವುದೇ 1700ರ ಆಚೀಚೆ. ಒಬ್ಬ ರೈತನ ಮನೆತನವನ್ನು ಅಲ್ಲಿಂದ ಒಂಬತ್ತನೇ ಶತಮಾನದ ಹರಾಲ್ಡ್‌ವರೆಗೆ ಕಾಗದದ ಮೇಲೆ ಒಯ್ಯುವುದು ನೆಲವಿಲ್ಲದ ಕಡೆ ಏಣಿ ಇಟ್ಟಂತೆ. ಒಬ್ಬರು ಹಾಕಿದ್ದನ್ನು ಮತ್ತೊಬ್ಬರು ಕಾಪಿ ಮಾಡುತ್ತಾರೆ, ನೂರು ಕಡೆ ಕಂಡಾಗ ನಿಜ ಅನ್ನಿಸುತ್ತದೆ. ‘ನಿಮ್ಮ ಮನೆತನದ ಲಾಂಛನ’ ಅಂತ ಮಾರುವವರಿಗೂ ಒಂದು ಡಾಲರ್ ಕೊಡಬೇಡಿ. ಹೌಗೆನ್‌ನ ರೈತರಿಗೆ ಲಾಂಛನ ಇರಲಿಲ್ಲ.

ಆ ಹೌಗೆನ್ ಒಂದು ದೊಡ್ಡ ಬಲೆ. ಅದು ಊರಲ್ಲ, ಜಮೀನಿನ ಹೆಸರು. ಗುಡ್ಡದ ಮೇಲಿನ ಮನೆ ಇರುವ ಕಡೆಯೆಲ್ಲ ಒಂದು ಹೌಗೆನ್ ಇದೆ. ನಕಾಶೆಯಲ್ಲಿ ಮೊದಲು ಕಂಡದ್ದಕ್ಕೆ ಟಿಕೆಟ್ ಮಾಡಿಸಿದರೆ ಅಪರಿಚಿತರ ಮನೆ ಬಾಗಿಲು ತಟ್ಟುತ್ತೀರಿ.

ಹಾಗಾದರೆ ಏನು ಮಾಡಬೇಕು? ಮೊದಲು ಆ ಫೋಟೋವನ್ನು ಫ್ರೇಮಿನಿಂದ ತೆಗೆಯಿರಿ. ನಾನು ನಿಮ್ಮ ಜಾಗದಲ್ಲಿದ್ದರೆ ಇಂದು ಸಂಜೆಯೇ ತೆಗೆಯುತ್ತಿದ್ದೆ. ಆ ಕಾಲದ ಸ್ಟುಡಿಯೋ ಫೋಟೋಗಳನ್ನು ದಪ್ಪ ರಟ್ಟಿನ ಮೇಲೆ ಅಂಟಿಸುತ್ತಿದ್ದರು. ರಟ್ಟಿನ ಕೆಳ ಅಂಚಿನಲ್ಲಿ, ಅಥವಾ ಹಿಂದೆ, ಫೋಟೋಗ್ರಾಫರನ ಹೆಸರೂ ಪಟ್ಟಣದ ಹೆಸರೂ ಅಚ್ಚಾಗಿರುತ್ತದೆ. ಫ್ರೇಮು ಹಾಕುವಾಗ ಅದೇ ಅಂಚು ಒಳಗೆ ಮುಚ್ಚಿಹೋಗುತ್ತದೆ. ಹಾಮಾರ್ ಎಂದೋ ಲಿಲ್ಲೆಹ್ಯಾಮರ್ ಎಂದೋ ಕಂಡರೆ ಇಡೀ ನಾರ್ವೆ ಒಂದು ಜಿಲ್ಲೆಯಷ್ಟಾಯಿತು. ಮೊದಲು ಫ್ರೇಮಿನಲ್ಲಿರುವಂತೆಯೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮೇಲ್ಪದರ ಎದ್ದು ಬರುತ್ತದೆ. ಅದನ್ನು ಬಿಡಿಸಲು ಬಲ್ಲವರ ಹತ್ತಿರ ಒಯ್ಯಿರಿ.

ಆಮೇಲೆ ಲಕೋಟೆ. ಚೀಟಿ ಕತ್ತರಿಸಿದವರು ಯಾರೋ ಅಂಚೆಚೀಟಿ ಕೂಡಿಸುವ ಹುಡುಗ ಇರಬೇಕು. ಅದರೊಂದಿಗೆ ಅಂಚೆ ಮೊಹರು ಹೋಯಿತು, ಅದರಲ್ಲಿದ್ದ ಅಂಚೆ ಕಚೇರಿಯ ಹೆಸರೂ ಹೋಯಿತು. ಆದರೂ ಕತ್ತರಿಸಿದ ಅಂಚಿನ ಪಕ್ಕದಲ್ಲಿ ಮೊಹರಿನ ಕಾಲುಭಾಗ ಉಳಿದಿರಬಹುದು. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಹಿಂಬದಿಯಲ್ಲಿ ಕಳಿಸಿದವರ ವಿಳಾಸ ಇದ್ದರೂ ಇರಬಹುದು. ಮೂರೂ ಪತ್ರಗಳನ್ನು ಭಾಷೆ ಬಲ್ಲವರಿಂದ ಪೂರ್ತಿ ಓದಿಸಿ. ಬರೀ ಸಾರಾಂಶ ಸಾಲದು. ಯಾರು ಸತ್ತರು, ಯಾವ ಚರ್ಚಿಗೆ ಹೋದೆವು, ಯಾವ ಜಮೀನಿನವನ ಕುದುರೆ ಮಾರಾಟವಾಯಿತು, ಇಂಥ ಹರಟೆಯಲ್ಲೇ ಜಾಗದ ಹೆಸರುಗಳು ಇರುತ್ತವೆ. ಹೌಗೆನ್ ಒಂದೇ ಇದ್ದರೆ ಸಾವಿರ ದಾರಿ. ಹೌಗೆನ್ ಪಕ್ಕ ಇನ್ನೆರಡು ಜಮೀನಿನ ಹೆಸರು ಸಿಕ್ಕಿದರೆ ಸಾಮಾನ್ಯವಾಗಿ ಒಂದೇ ದಾರಿ.

ಮೂರನೆಯದು ಅಮೆರಿಕದ ಕಾಗದಗಳು. ನಾರ್ವೆಗೆ ಹಾರುವ ಆತುರದಲ್ಲಿ ಜನ ಇದನ್ನೇ ಬಿಡುತ್ತಾರೆ. ಓಲೆ ಸೇರಿದ್ದ ಲುಥೆರನ್ ಚರ್ಚಿನ ಪುಸ್ತಕ ಎಲ್ಲಕ್ಕಿಂತ ಮುಖ್ಯ. ಅಲ್ಲಿನ ಪಾದ್ರಿಗಳೂ ನಾರ್ವೆಯವರೇ, ಪುಸ್ತಕ ಬರೆಯುತ್ತಿದ್ದದ್ದೂ ತಮ್ಮ ಭಾಷೆಯಲ್ಲೇ. ಸರ್ಕಾರಿ ಗುಮಾಸ್ತ ‘ನಾರ್ವೆ’ ಎಂದು ಬರೆದು ಕೈತೊಳೆದುಕೊಂಡರೆ, ಪಾದ್ರಿ ಎಷ್ಟೋ ಸಲ ಹುಟ್ಟಿದ ಚರ್ಚಿನ ವಲಯವನ್ನೇ ಬರೆದಿರುತ್ತಾರೆ. ಮದುವೆ, ಮಕ್ಕಳ ದೀಕ್ಷಾಸ್ನಾನ, ಶವಸಂಸ್ಕಾರ ಮೂರನ್ನೂ ನೋಡಿ. ಚರ್ಚು ಮುಚ್ಚಿದ್ದರೆ ಅದು ಯಾವುದರ ಜೊತೆ ಸೇರಿತು ಎಂದು ವಿಚಾರಿಸಿ, ಪುಸ್ತಕವೂ ಅಲ್ಲಿಗೇ ಹೋಗಿರುತ್ತದೆ. ಇಂಥ ಬಹಳ ಪುಸ್ತಕಗಳ ಚಿತ್ರಗಳು ಆನ್ಸೆಸ್ಟ್ರಿ ತಾಣದಲ್ಲಿವೆ. ಚಂದಾ ಕಟ್ಟುವ ಮುಂಚೆ ನಿಮ್ಮ ಲೈಬ್ರರಿಯಲ್ಲಿ ಕೇಳಿ, ಅನೇಕ ಕಡೆ ಪುಕ್ಕಟೆ ನೋಡಲು ಬಿಡುತ್ತಾರೆ.

ಮರಣ ಪ್ರಮಾಣಪತ್ರವನ್ನೂ ತರಿಸಿ, ಆದರೆ ಪೂರ್ತಿ ನಂಬಬೇಡಿ. ಅದರಲ್ಲಿ ತಂದೆ ತಾಯಿಯ ಹೆಸರು ಹೇಳಿದ್ದು ಅಜ್ಜ ಅಜ್ಜಿಯನ್ನು ಕಣ್ಣಲ್ಲೂ ನೋಡದ ಮಗ. 1900ರ ಅಮೆರಿಕದ ಜನಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ವಲಸೆ ಬಂದ ವರ್ಷ ಮೂರೂ ಇವೆ. 1882 ನಿಜವೇ ಅಂತ ಅಲ್ಲಿ ತಾಳೆ ನೋಡಿ. ಪೌರತ್ವದ ಕಾಗದದ ಮೇಲೆ ಜಾಸ್ತಿ ಆಸೆ ಬೇಡ. 1906ಕ್ಕೆ ಮುಂಚಿನವುಗಳಲ್ಲಿ ನಾರ್ವೆಯ ರಾಜನಿಗೆ ನಿಷ್ಠೆ ಬಿಟ್ಟೆ ಎನ್ನುವುದರ ಆಚೆಗೆ ಹೆಚ್ಚೇನೂ ಇರುವುದಿಲ್ಲ. ಕೌಂಟಿ ಕೋರ್ಟಿನಲ್ಲಿ ಆಸ್ತಿ ಹಂಚಿಕೆಯ ಕಡತ ಇದೆಯೇ ಎಂದು ಮಾತ್ರ ಖಂಡಿತ ಕೇಳಿ. ಮಕ್ಕಳಿಲ್ಲದೆ ಸತ್ತ ಒಡಹುಟ್ಟಿದವರು ಇಲ್ಲಿ ಯಾರಾದರೂ ಇದ್ದರೆ, ಅವರ ಕಡತದಲ್ಲಿ ನಾರ್ವೆಯ ವಾರಸುದಾರರ ಹೆಸರು, ವಿಳಾಸ ಸಮೇತ ಸಿಕ್ಕ ಉದಾಹರಣೆಗಳಿವೆ.

ನಿಮ್ಮ ಪತ್ರದ ಕೊನೆಯಲ್ಲಿ, ಅತ್ತೆಯವರ ದೊಡ್ಡಪ್ಪನ ಹೆಸರು ಹೆನ್ರಿ ಎಂದು ಸುಮ್ನೆ ಬರೆದಿದ್ದೀರಲ್ಲ, ಅದು ನನಗೆ ಖುಷಿ ಕೊಟ್ಟಿತು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡುವುದು ಅವರ ಪದ್ಧತಿ. ಹೆನ್ರಿಯ ದೀಕ್ಷಾಸ್ನಾನದ ಪುಟದಲ್ಲಿ ಬಹುಶಃ ‘ಹಾನ್ಸ್’ ಅಂತಲೇ ಇರುತ್ತದೆ. ಹಾಗಿದ್ದರೆ ಓಲೆಯ ಅಪ್ಪ ಹಾನ್ಸ್ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು. ಉಳಿದ ಮಕ್ಕಳ ಹೆಸರನ್ನೂ ಹುಟ್ಟಿದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ನಾರ್ವೆಗೆ ಹೋಗೋಣ, ಕುಳಿತಲ್ಲಿಂದಲೇ. ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆಯ ಡಿಜಿಟಲ್‌ಆರ್ಕಿವೆಟ್ ಎಂಬ ತಾಣಕ್ಕೆ ದುಡ್ಡು ಬೇಡ. 1865, 1875, 1900, 1910, 1920ರ ಜನಗಣತಿಗಳು, ಚರ್ಚಿನ ಪುಸ್ತಕಗಳ ಚಿತ್ರಗಳು, ವಲಸೆ ಹೋದವರ ಪೊಲೀಸ್ ಪಟ್ಟಿಗಳು ಎಲ್ಲ ಅಲ್ಲಿವೆ. ನಿಮಗೆ ಮೊದಲು ಬೇಕಾದದ್ದು 1865ರದ್ದು. ಆಗ ಓಲೆ ಅಪ್ಪ ಅಮ್ಮನ ಜೊತೆ ಇದ್ದ ಮಗು. ಆ ಗಣತಿಯಲ್ಲಿ ವಯಸ್ಸು ಬರೆದದ್ದು ನಡೆಯುತ್ತಿರುವ ವರ್ಷದ ಲೆಕ್ಕದಲ್ಲಿ. 1861ರಲ್ಲಿ ಹುಟ್ಟಿದವನಿಗೆ ನಾಲ್ಕಲ್ಲ, ಐದು ಎಂದಿರುತ್ತದೆ. ಎಷ್ಟೋ ಜನ ಇಲ್ಲೇ ತಮ್ಮವರನ್ನು ದಾಟಿಕೊಂಡು ಹೋಗುತ್ತಾರೆ. ಅದೇ ಗಣತಿಯಲ್ಲಿ ಮನೆಯವರ ಎದುರು ದನ, ಕುರಿ, ಬಿತ್ತಿದ ಆಲೂಗೆಡ್ಡೆಯ ಲೆಕ್ಕವೂ ಇದೆ. ಅಪ್ಪನ ಹೆಸರಿನ ಮುಂದೆ ‘ಹುಸ್‌ಮನ್’ ಎಂದಿದ್ದರೆ, ಇನ್ನೊಬ್ಬರ ಜಮೀನಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು, ಅದಕ್ಕೆ ಬದಲಾಗಿ ಒಡೆಯನ ಹೊಲದಲ್ಲಿ ದುಡಿಯುತ್ತಿದ್ದವನು ಎಂದರ್ಥ. ಒಂದು ಹಸು, ನಾಲ್ಕು ಕುರಿ, ಆರು ಮಕ್ಕಳು ಇರುವ ಅಂಥ ಸಾಲನ್ನು ನೋಡಿದರೆ ಅಮೆರಿಕಕ್ಕೆ ಯಾಕೆ ಹೋದರು ಎಂದು ಬೇರೆ ಕೇಳಬೇಕಿಲ್ಲ. ಜಮೀನಿನ ಒಡೆತನ ದೊಡ್ಡ ಮಗನಿಗೆ ಹೋಗುವ ಪದ್ಧತಿಯೂ ಇತ್ತು. ಉಳಿದವರು ದಾರಿ ನೋಡಿಕೊಳ್ಳಬೇಕಿತ್ತು.

ಹೊಂದುವ ಓಲೆಗಳು ಇಬ್ಬರು ಮೂವರು ಸಿಗುತ್ತಾರೆ, ಸಿಕ್ಕೇ ಸಿಗುತ್ತಾರೆ. ಇಲ್ಲಿ ತಾಳ್ಮೆ ಬೇಕು. ನಿಮ್ಮವನು ಇವನೇ ಎಂದು ಸಾಧಿಸಲು ಹೋಗಬೇಡಿ, ನಿಮ್ಮವನಲ್ಲದವರನ್ನು ತೆಗೆದುಹಾಕುತ್ತಾ ಬನ್ನಿ. 1882ರ ನಂತರ ನಾರ್ವೆಯಲ್ಲೇ ಮದುವೆಯಾದವನು, 1900ರ ಗಣತಿಯಲ್ಲಿ ಅಲ್ಲೇ ಇರುವವನು, ಚಿಕ್ಕಂದಿನಲ್ಲೇ ತೀರಿಕೊಂಡವನು, ಮೂವರೂ ಹೊರಗೆ. ಉಳಿದವನ ಚರ್ಚ್ ದೀಕ್ಷೆಯ ದಾಖಲೆ ತೆಗೆಯಿರಿ. ಹದಿನೈದರ ಆಸುಪಾಸಿನಲ್ಲಿ ಆಗುತ್ತಿದ್ದ ಅದರಲ್ಲಿ ಹುಟ್ಟಿದ ದಿನ, ಅಪ್ಪ ಅಮ್ಮ, ಸಿಡುಬಿನ ಲಸಿಕೆ ಹಾಕಿಸಿದ್ದು ಎಲ್ಲ ಸಿಗಬಹುದು. ಕೊನೆಗೆ ಕ್ರಿಸ್ಟಿಯಾನಿಯಾದ ಪೊಲೀಸರ ವಲಸೆ ಪಟ್ಟಿಯಲ್ಲಿ 1882ರ ಪುಟ. ಹುಟ್ಟಿದ ದಿನ, ಅಪ್ಪನ ಹೆಸರು, ಹೊರಟ ವರ್ಷ ಮೂರೂ ಕೂಡಿದರೆ ನಾನು ಒಪ್ಪುತ್ತೇನೆ. ಎರಡೇ ಕೂಡಿದರೆ ಪೆನ್ಸಿಲ್‌ನಲ್ಲಿ ಬರೆದಿಡಿ. ಅಕ್ಷರದ ಬಗ್ಗೆ ಒಂದು ಮಾತು: ಹಳೆಯ ಕಾಗದಗಳಲ್ಲಿ ಎರಡು ‘ಎ’ ಬರೆಯುತ್ತಿದ್ದ ಕಡೆ ಈಗ ತಲೆಯ ಮೇಲೆ ಸೊನ್ನೆ ಇರುವ ಒಂದೇ ‘ಎ’ ಬರೆಯುತ್ತಾರೆ. ಒಂದೇ ಜಾಗ ಎರಡು ರೀತಿ ಕಾಣುತ್ತದೆ.

ವಲಯ ಗೊತ್ತಾದ ಮೇಲೆ ‘ಬಿಗ್ಡೆಬೋಕ್’ ಕೇಳಿ. ಒಂದೊಂದು ಪ್ರದೇಶದ ಒಂದೊಂದು ಜಮೀನಿನಲ್ಲೂ ಯಾರ್ಯಾರು ಬಾಳಿದರು ಎಂದು ಊರಿನವರೇ ಬರೆಸಿದ ದಪ್ಪ ಪುಸ್ತಕಗಳು ಇವು. ‘ಅಮೆರಿಕಕ್ಕೆ ಹೋದ’ ಎನ್ನುವ ಎರಡು ಪದ ಓಲೆಯ ಎದುರು ಇರಬಹುದು, ಅದರ ಕೆಳಗೇ ತಮ್ಮನ ಮಕ್ಕಳ ಹೆಸರು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ನಾರ್ವೇಜಿಯನ್ ಅಮೆರಿಕನ್ ವಂಶಾವಳಿ ಕೇಂದ್ರದಲ್ಲಿ ಇವುಗಳ ದೊಡ್ಡ ಸಂಗ್ರಹವಿದೆ. ನಿಮಗದು ಕಾರಿನಲ್ಲಿ ಹೋಗಿಬರುವ ದೂರ. ಒಂದೇ ಕಣಿವೆಯಿಂದ ಬಂದವರು ಅಮೆರಿಕದಲ್ಲಿ ಕಟ್ಟಿಕೊಂಡ ‘ಬಿಗ್ಡೆಲಾಗ್’ ಎಂಬ ಸಂಘಗಳೂ ಇವೆ. ವಾಲ್ಡ್ರೆಸ್ ಕಣಿವೆಯವರದ್ದು 1899ರಿಂದ ಇದೆ. ಆ ಸಂಘಗಳ ಹಿರಿಯರು ಇಂಥ ಒಗಟು ಬಿಡಿಸುವುದನ್ನೇ ಹವ್ಯಾಸ ಮಾಡಿಕೊಂಡವರು. ದುಡ್ಡು ಕೊಟ್ಟು ಸಂಶೋಧಕರನ್ನು ಹಿಡಿಯುವ ಮುಂಚೆ ಅವರಿಗೊಂದು ಮೇಲ್ ಹಾಕಿ. ಸಂಶೋಧಕರೇ ಬೇಕಾದರೆ ಇಡೀ ವಂಶವೃಕ್ಷ ಒಪ್ಪಿಸಬೇಡಿ. ‘ಈ ಓಲೆಯ ದೀಕ್ಷೆಯ ದಾಖಲೆ ಹುಡುಕಿ’ ಅಂತ ಒಂದು ಸಣ್ಣ ಕೆಲಸ ಕೊಟ್ಟು ನೋಡಿ.

ಇನ್ನು ಡಿಎನ್‌ಎ. ಮಾಡಿಸುವುದಾದರೆ ನಿಮ್ಮ ಗಂಡನದ್ದಲ್ಲ, ಅತ್ತೆಯವರದ್ದು. ಅಜ್ಜನ ತಮ್ಮನ ಮೊಮ್ಮಕ್ಕಳ ಜೊತೆ ಅವರ ಡಿಎನ್‌ಎ ಹೋಲುವುದು ಬಹುತೇಕ ಖಚಿತ. ಒಂದು ತಲೆಮಾರು ಕೆಳಗೆ, ನಿಮ್ಮ ಗಂಡನ ಮಟ್ಟದಲ್ಲಿ, ಹತ್ತರಲ್ಲಿ ಸುಮಾರು ಒಂಬತ್ತು ಸಲ ಹೋಲಿಕೆ ಕಾಣುತ್ತದೆ. ನಿಮ್ಮ ಮಕ್ಕಳ ಮಟ್ಟಕ್ಕೆ ಬಂದರೆ ಅರ್ಧಕ್ಕರ್ಧ. ಆದರೆ ಆ ಕಡೆಯವರೂ ಅದೇ ಕಂಪನಿಯಲ್ಲಿ ಟೆಸ್ಟ್ ಮಾಡಿಸಿದ್ದರೆ ಮಾತ್ರ ಈ ಲೆಕ್ಕ. ನಾರ್ವೆಯವರು ಮೈಹೆರಿಟೇಜ್ ಎಂಬ ಕಂಪನಿಯನ್ನು ಬಳಸುವುದು ಜಾಸ್ತಿ, ಹಾಗಾಗಿ ಅಲ್ಲಿ ನೋಡುವುದು ಒಳ್ಳೆಯದು. ‘ನಿಮ್ಮಲ್ಲಿ ಇಷ್ಟು ಶೇಕಡಾ ಸ್ಕ್ಯಾಂಡಿನೇವಿಯನ್’ ಎಂಬ ಬಣ್ಣದ ನಕಾಶೆಯಿಂದ ಊರು ಸಿಗುವುದಿಲ್ಲ. ಕಣಿವೆಗಳಲ್ಲಿ ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾದದ್ದರಿಂದ ದೂರದ ನಂಟರೂ ಹತ್ತಿರದವರಂತೆ ಕಾಣುತ್ತಾರೆ, ಅದೂ ನೆನಪಿರಲಿ.

ಅಪಾಯ ಎರಡು. ಒಂದು ಗುಟ್ಟುಗಳದ್ದು. ಮದುವೆಗೆ ಮುಂಚೆ ಹುಟ್ಟಿದ ಮಗು, ಊರಲ್ಲಿ ಬಿಟ್ಟುಬಂದ ಹುಡುಗಿ ಇಂಥವು ಆ ಕಾಲದ ವಲಸೆಯ ಕಥೆಗಳಲ್ಲಿ ಅಪರೂಪವಲ್ಲ. ಅಜ್ಜನ ವಿಷಯ ಮಾತ್ರವಲ್ಲ, ಇಲ್ಲಿಯ ಹತ್ತಿರದವರ ವಿಷಯವೂ ಹೊರಬರಬಹುದು. ಅತ್ತೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ಅವರು ಬೇಡವೆಂದರೆ ಅಲ್ಲಿಗೆ ಬಿಡಿ. ಇನ್ನೊಂದು ಮಾಹಿತಿಯದು. 2023ರಲ್ಲಿ ಡಿಎನ್‌ಎ ಟೆಸ್ಟ್ ಮಾಡುವ 23ಆಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಕೈಸೇರಿತು. 2025ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಕಾಗದದಲ್ಲೇ ದಾರಿ ಸಿಗುವ ನಿಮ್ಮಂಥ ಕೇಸಿನಲ್ಲಿ ನಾನಾದರೆ ಡಿಎನ್‌ಎಯನ್ನು ಕೊನೆಗೆ, ಖಚಿತಪಡಿಸಿಕೊಳ್ಳಲು ಮಾತ್ರ ಇಟ್ಟುಕೊಳ್ಳುತ್ತೇನೆ.

ಸ್ವೀಡನ್ ಮೂಲದವರು ಇದನ್ನು ಓದುತ್ತಿದ್ದರೆ: ನಿಮ್ಮ ಕೆಲಸ ಇನ್ನೂ ಹಗುರ. ಅಲ್ಲಿ ಪಾದ್ರಿ ಮನೆಮನೆಯ ಲೆಕ್ಕವಿಟ್ಟ ಪುಸ್ತಕಗಳಲ್ಲಿ ಯಾರು ಯಾವ ವಲಯದಿಂದ ಬಂದರು, ಎಲ್ಲಿಗೆ ಹೋದರು ಎಂಬುದೂ ಇರುತ್ತದೆ. ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆ ಅವನ್ನು ಆನ್‌ಲೈನಿನಲ್ಲಿ ಪುಕ್ಕಟೆ ಕೊಡುತ್ತದೆ. 1905ರ ತನಕ ನಾರ್ವೆ, ಸ್ವೀಡನ್‌ಗೆ ಒಬ್ಬನೇ ರಾಜ. ಹಾಗಾಗಿ ಅಮೆರಿಕದ ಕಾಗದದಲ್ಲಿ ದೇಶದ ಹೆಸರು ಅದಲುಬದಲಾಗಿದ್ದರೆ ಗಾಬರಿಯಾಗಬೇಡಿ.

ಪ್ರವಾಸದ ವಿಷಯ. ಓಸ್ಲೋಗೆ ಹೋಗಿ ವಿಚಾರಿಸುವುದರಿಂದ ಏನೂ ಸಿಗುವುದಿಲ್ಲ, ಅಲ್ಲಿರುವ ಪುಸ್ತಕಗಳನ್ನೇ ನೀವು ಮನೆಯಲ್ಲಿ ನೋಡುತ್ತಿರುತ್ತೀರಿ. ವಲಯ ಸಿಗುವ ತನಕ ಟಿಕೆಟ್ ಬೇಡ. ಊರು ಸಿಕ್ಕರೂ ಓಲೆಯ ಅಪ್ಪ ಅಮ್ಮನ ಸಮಾಧಿ ನೋಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಅತ್ತೆಯವರಿಗೆ ಈಗಲೇ ಹೇಳಿ. ನಾರ್ವೆಯಲ್ಲಿ ಸಮಾಧಿಯ ಜಾಗ ಸಾಮಾನ್ಯವಾಗಿ ಇಪ್ಪತ್ತು ವರ್ಷಕ್ಕೆ. ಆಮೇಲೆ ಯಾರೂ ಬಾಡಿಗೆ ಕಟ್ಟದಿದ್ದರೆ ಅದೇ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಚರ್ಚು ಇರುತ್ತದೆ, ಜಮೀನು ಇರುತ್ತದೆ, ಕಲ್ಲು ಇರಲಿಕ್ಕಿಲ್ಲ.

ಬದುಕಿರುವವರನ್ನು ತಲುಪಲು ಆ ಊರಿನ ಇತಿಹಾಸ ಸಂಘಕ್ಕೆ ಬರೆಯಿರಿ. ‘ಹಿಸ್ಟೋರಿಲಾಗ್’ ಎನ್ನುತ್ತಾರೆ, ಬಹಳ ಊರುಗಳಲ್ಲಿದೆ. ಇಂಗ್ಲಿಷಿನಲ್ಲೇ ಬರೆಯಬಹುದು. ಪತ್ರ ಅರ್ಧ ಪುಟ ಮೀರದಿರಲಿ. 1940ರ ಪತ್ರದ ಚಿತ್ರ, ಫೋಟೋ, ಎರಡೂ ಕಡೆಯ ಹೆಸರುಗಳು, ಅತ್ತೆಯವರ ವಯಸ್ಸು, ಅಷ್ಟು ಸಾಕು. ಜಮೀನು, ಆಸ್ತಿ ಯಾವುದರ ಮೇಲೂ ಕಣ್ಣಿಲ್ಲ ಎಂದು ಒಂದು ಸಾಲು ಸೇರಿಸಿ. ಅಮೆರಿಕದಿಂದ ಹಠಾತ್ತನೆ ನಂಟರು ಹುಟ್ಟಿಕೊಂಡರೆ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. ಜುಲೈನಲ್ಲಿ ಮಾತ್ರ ಕಳಿಸಬೇಡಿ. ಆ ತಿಂಗಳು ಇಡೀ ದೇಶ ರಜೆಯಲ್ಲಿರುತ್ತದೆ, ನಿಮ್ಮ ಮೇಲ್ ಅಡಿಗೆ ಬಿದ್ದುಹೋಗುತ್ತದೆ. ಆಗಸ್ಟ್ ಕೊನೆಗೆ ಕಳಿಸಿ, ಮೂರು ನಾಲ್ಕು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ.